ಹುಲಿ ತನ್ನ ಮಕ್ಕಳಿಗೆ ಬೆಟ್ಟ ಹಂಚಿದ್ದು

ಭೂಮಿ ಇನ್ನೂ ಹೊಸದು. ನದಿಗಳಿಗೆ ತಮ್ಮ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ. ಆಗ ಹುಲಿಗಳು ಈಗಿನ ಹಾಗೆ ಒಂಟಿ ಪಿಶಾಚಿಗಳಂತೆ ತಿರುಗುತ್ತಿರಲಿಲ್ಲ ಕಂದ. ಅಜ್ಜ, ಅಜ್ಜಿ, ಚಿಕ್ಕಪ್ಪ, ಸೋದರತ್ತೆ, ಮರಿ, ಮರಿಯ ಮರಿ, ಎಲ್ಲ ಒಂದೇ ಬೆಟ್ಟದಲ್ಲಿ. ಬೇಟೆ ಸಿಕ್ಕಿತೆಂದರೆ ಮದುವೆಮನೆಯ ಹಾಗೆ ಪಂಕ್ತಿ ಹಾಕಿ ಕೂರುತ್ತಿದ್ದವು. ಹಿರಿಯರು ಮೊದಲು, ಕಿರಿಯರು ಕೊನೆಗೆ. ಅದೇ ಅವರ ಪದ್ಧತಿ.

ಪಂಕ್ತಿಯ ಕೊನೆಯಲ್ಲಿ ಚೆನ್ನವ್ವ ಎಂಬ ತಾಯಿ ಹುಲಿಯ ಮಕ್ಕಳು ಕೂರುತ್ತಿದ್ದರು. ಸಂಸಾರ ಬೆಳೆದ ಹಾಗೆಲ್ಲ ಅವರ ಪಾಲಿಗೆ ಮೂಳೆಯೂ ಉಳಿಯದಾಯಿತು. ಕಿರಿಯವಳು ಪುಟ್ಟಿ ಎದ್ದು ನಿಲ್ಲಲಾರದಷ್ಟು ಸೊರಗಿಹೋದಳು. ಚೆನ್ನವ್ವ ಅವಳ ಮೈ ನೆಕ್ಕಿ ಮಲಗಿಸಿ ಎದ್ದಳು.

ಸೂರ್ಯಪ್ಪ ದಿನಾ ಅಷ್ಟೊಂದು ಬೆಳಕು ಸುರಿಯುತ್ತಾನೆ, ಕಾಡಿನ ಊಟವೆಲ್ಲ ಅದರಿಂದಲೇ. ನಮ್ಮ ಬಾಯಿಗೆ ಬರುವಷ್ಟರಲ್ಲಿ ಮಾತ್ರ ಇಷ್ಟೇ ಇಷ್ಟು. ನಡುವೆ ಯಾರೋ ಕದಿಯುತ್ತಿದ್ದಾರೆ, ಹಿಡಿದೇ ಬರುತ್ತೇನೆ ಎಂದು ಹೊರಟಳು.

ಮೊದಲು ಜಿಂಕೆ ಸಿಕ್ಕಿತು. ಪಾಪ, ನಡುಗುತ್ತಲೇ ಉತ್ತರ ಕೊಟ್ಟಿತು. ಹುಲ್ಲು ಮೇಯ್ದದ್ದು ನಿಜ, ಆದರೆ ಅದರಲ್ಲಿ ಬಹುಪಾಲು ಓಡಿ, ನೆಗೆದು, ಚಳಿಯಲ್ಲಿ ಮೈ ಬೆಚ್ಚಗಿಟ್ಟುಕೊಳ್ಳುವುದಕ್ಕೇ ಖರ್ಚಾಯಿತಂತೆ. ಮೈಗೆ ಹತ್ತಿದ್ದು ಚೂರೇ ಚೂರಂತೆ. ನಿಮ್ಮಿಂದ ತಪ್ಪಿಸಿಕೊಳ್ಳುವುದಕ್ಕೆ ಓಡಿದ್ದೇ ಜಾಸ್ತಿ ಎಂದೂ ಮೆಲ್ಲಗೆ ಸೇರಿಸಿತು.

ಆಮೇಲೆ ಬಯಲಿನ ಹುಲ್ಲು. ಅದೂ ಅದೇ ರಾಗ ತೆಗೆಯಿತು. ಬೆಳಕೆಲ್ಲ ಬಂಡೆಗೂ ಮಣ್ಣಿಗೂ ಬೀಳುತ್ತದೆ, ತನಗೆ ಹಿಡಿಯಲಾದದ್ದು ಸ್ವಲ್ಪ. ಅದರಲ್ಲೇ ಉಸಿರಾಡಬೇಕು, ಬೇರು ಇಳಿಸಬೇಕು, ಹೂ ಬಿಡಬೇಕು.

ಚೆನ್ನವ್ವನಿಗೆ ಸಿಟ್ಟು ನೆತ್ತಿಗೇರಿತು. ಎಲ್ಲರೂ ಖರ್ಚಾಯಿತು ಅನ್ನುವವರೇ!

ಆಗ ಹುಲ್ಲು ಕೇಳಿತು, "ಅವ್ವಾ, ಬೆಳಗಿನಿಂದ ಬೆಟ್ಟ ಹತ್ತಿಳಿದು ಬಂದಿದ್ದೀಯ. ನಿನ್ನ ಉಸಿರು ನನ್ನ ಮೇಲೆ ಬಿಸಿಯಾಗಿ ಬೀಳ್ತಿದೆ. ಆ ಬಿಸಿಯನ್ನ ಮತ್ತೆ ಹಿಡಿದು ಮಗಳಿಗೆ ಉಣಿಸೋಕಾಗುತ್ತಾ?"

ಚೆನ್ನವ್ವನಿಗೆ ಆಗ ಹೊಳೆಯಿತು. ಕಳ್ಳರು ಯಾರೂ ಇರಲಿಲ್ಲ. ಎಲ್ಲರೂ ಬದುಕಿದ್ದರು, ಅಷ್ಟೇ. ಬಯಲು ತುಂಬ ಹುಲ್ಲಿದ್ದರೆ ಒಂದು ಹಿಂಡು ಜಿಂಕೆ, ಒಂದು ಹಿಂಡು ಜಿಂಕೆ ಇದ್ದರೆ ಒಂದು ಹುಲಿ. ಅದಕ್ಕಿಂತ ಹೆಚ್ಚು ಹುಲಿಗಳನ್ನು ಸಾಕಲು ಒಂದು ಬೆಟ್ಟಕ್ಕೆ ಆಗುವುದಿಲ್ಲ.

ಮನೆಗೆ ಬಂದವಳೇ ಪಂಕ್ತಿ ಮುರಿದಳು. ಹಿರಿಯರು ಮನೆಹಾಳಿ ಎಂದು ಬೈದರು, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ತಾನೇ ಬೇಟೆಯಾಡಿ ತಂದು ಪುಟ್ಟಿಗೆ ಮೊದಲು ಉಣಿಸಿದಳು. ಮಕ್ಕಳು ಗಟ್ಟಿಯಾಗಿ ಬೇಟೆ ಕಲಿತ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಬೆಟ್ಟ ತೋರಿಸಿದಳು.

"ನಾನೂ ಹೋಗಬೇಕಾ ಅವ್ವಾ?" ಎಂದಳು ಪುಟ್ಟಿ.

"ಹೂಂ ಮಗಳೇ. ಇಲ್ಲಿದ್ದರೆ ನನ್ನ ಹತ್ತಿರ ಇರ್ತೀಯ. ಅಲ್ಲಿದ್ದರೆ ಬದುಕಿರ್ತೀಯ."

ಪುಟ್ಟಿ ತಿರುತಿರುಗಿ ನೋಡುತ್ತಾ ಹೋದಳು. ಚೆನ್ನವ್ವ ಆ ಹೊತ್ತು ಅತ್ತಳು. ಮಳೆಗಾಲ ಮುಗಿದ ಮೇಲೆ ಮನಸ್ಸು ತಡೆಯದೆ ಮಗಳ ಬೆಟ್ಟದ ಗಡಿಯವರೆಗೆ ಹೋಗಿ ಬಗ್ಗಿ ನೋಡಿದಳು. ಅಲ್ಲೊಂದು ದಪ್ಪ ಮರದ ಮೇಲೆ, ತನ್ನ ತಲೆಗಿಂತಲೂ ಎತ್ತರದಲ್ಲಿ, ಹೊಸ ಉಗುರಿನ ಗೀರುಗಳು. ಅಷ್ಟೆತ್ತರಕ್ಕೆ ಬೆಳೆದಿದ್ದಾಳಲ್ಲ ಎಂದು ಅವಳ ಜೀವ ತಂಪಾಯಿತು.

ಇವತ್ತಿಗೂ ಕಾಡಿಗೆ ಹೋದರೆ ಹುಲ್ಲು ಬಯಲು ತುಂಬ ಕಾಣುತ್ತದೆ, ಜಿಂಕೆ ಹಿಂಡು ಹಿಂಡಾಗಿ ಕಾಣುತ್ತದೆ, ಹುಲಿ ಕಂಡರೆ ಒಂದೇ. ಮರದ ಮೇಲೆ ಆ ಗೀರು ಕಂಡರೆ ಹೆದರಬೇಡ ಕಂದ, ಯಾವುದೋ ತಾಯಿಯ ಮಗಳು ಅಲ್ಲಿ ಹೊಟ್ಟೆ ತುಂಬ ಉಂಡು ಚೆನ್ನಾಗಿದ್ದಾಳೆ ಎಂದು ತಿಳಿದುಕೋ.