ಹನ್ನೊಂದು ಭಾನುವಾರಗಳ ಡ್ಯೂಟಿ

೧೯೮೪ರ ಮಾರ್ಚ್ ೧೧, ಭಾನುವಾರ. ನನ್ನ ಡೈರಿಯಲ್ಲಿ ಹೀಗಿದೆ: "ಇವರಿಗೆ ಇಂದು ಊಟ ಸೇರಲಿಲ್ಲ."

ನಮ್ಮವರು ಆಗ ಚಿತ್ರದುರ್ಗದಲ್ಲಿ ಅಧಿಕಾರಿ. ಕಚೇರಿಯ ಜವಾನ ತಿಪ್ಪೇಸ್ವಾಮಿ ಭಾನುವಾರ ನಮ್ಮ ಮನೆಯಲ್ಲಿ ದುಡಿಯುತ್ತಿದ್ದ. ಗಿರಣಿಗೆ ಹೋಗುವುದೂ ಡ್ಯೂಟಿ, ನಮ್ಮತ್ತೆಯ ಕನ್ನಡಕ ರಿಪೇರಿಯೂ ಡ್ಯೂಟಿ. ನಾನು ಆಕ್ಷೇಪಿಸಿದರೆ ಇವರು, "ಅದು ಅವನ ಡ್ಯೂಟಿ ಕಣೇ" ಎನ್ನುತ್ತಿದ್ದರು.

ಅಂದು ಅವನು ಮಗಳ ಸೀಮಂತಕ್ಕೆಂದು, ದುಡಿದ ಭಾನುವಾರಗಳ ಬದಲಿಗೆ ಎರಡು ದಿನ ರಜೆ ಕೇಳಿದ.

"ಮನೆಗೆಲಸ ಡ್ಯೂಟಿ ಹೇಗಯ್ಯಾ ಆಗುತ್ತೆ? ಅದು ವಿಶ್ವಾಸ!" ಎಂದರು ಇವರು.

ತಿಪ್ಪೇಸ್ವಾಮಿ ಹಿಟ್ಟಿನ ಚೀಲದಿಂದ ಕಚೇರಿಯ ವಹಿಯೊಂದನ್ನು ತೆಗೆದ. ಹೊರಗೆ ಹೋಗುವ ನೌಕರರು ಕಾರಣ ಬರೆಯುವ ವಹಿ. ಇವರು ಪ್ರತಿ ಸೋಮವಾರ ಓದದೆ ಸಹಿ ಹಾಕುವ ವಹಿ. "ಭಾನುವಾರ. ಸಾಹೇಬರ ಮನೆಯ ರಾಗಿ ಬೀಸಿಸಲು. ಡ್ಯೂಟಿ." ಹೀಗೆ ಹನ್ನೊಂದು ಭಾನುವಾರ, ಹನ್ನೊಂದು ಸಹಿ.

"ನಾಳಿದ್ದು ಇನ್‌ಸ್ಪೆಕ್ಷನ್ ಅಲ್ವಾ ಸಾರ್? ಎಲ್ಲಾ ಕಡೆ ವಿಶ್ವಾಸ ಅಂತ ತಿದ್ದಿಕೊಡ್ತೀರಾ?"

ಇವರು ಬೆವರು ಒರೆಸಿಕೊಂಡರು. "ಎರಡು ದಿನ ಸಾಕೇನಪ್ಪಾ, ತಿಪ್ಪೇಸ್ವಾಮಿ?"

"ನಾಲ್ಕಾದರೆ ಬಾಣಂತನದ ಸಾಮಾನೂ ತಂದುಬಿಡ್ತೀನಿ, ಸಾರ್."

ಕೊನೆಗೆ ತಗುಲಿದ್ದು ಇಷ್ಟು: ಕಚೇರಿಗೆ ತಿಪ್ಪೇಸ್ವಾಮಿಯ ನಾಲ್ಕು ದಿನದ ರಜೆ, ಅಂದಿನಿಂದ ಇವರಿಗೇ ಪ್ರತಿ ಭಾನುವಾರ ಗಿರಣಿಯ ಸಾಲಿನಲ್ಲಿ ಒಂದು ಗಂಟೆ.