ಚಿಕ್ಕೀರ ಹೊಟ್ಟೆ ಕರಗಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ನನಗೆ ಕತೆ ಹೇಳಿ ಅಭ್ಯಾಸವಿಲ್ಲ. ಹಿಂದುಮುಂದಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಒಂದೂರಲ್ಲಿ ಸಣ್ಣೀರಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಚಿಕ್ಕೀರ. ಚಿಕ್ಕೀರ ಅಂದರೆ ಚಿಕ್ಕವನಲ್ಲ. ಹೆಸರಷ್ಟೇ ಚಿಕ್ಕದು, ಹೊಟ್ಟೆ ದೊಡ್ಡದು. ಬುದ್ಧಿ ಮಾತ್ರ ಹೆಸರಿನ ಅಳತೆಯದು. ಅವನಪ್ಪ ಊರಿನ ಸಾಹುಕಾರ ಮರುಳಯ್ಯನ ತೋಟದಲ್ಲಿ ತೆಂಗಿನಮರ ಹತ್ತಿ ಎಳನೀರು ಇಳಿಸುತ್ತಿದ್ದ. ಅಪ್ಪ ಸತ್ತ, ಕೆಲಸ ಮಗನಿಗೆ ಬರಬೇಕು. ಆದರೆ ಹತ್ತುವವನು ಮರವನ್ನು ತಬ್ಬಬೇಕಲ್ಲ? ಚಿಕ್ಕೀರ ತಬ್ಬಿದರೆ ಹೊಟ್ಟೆ ಮರಕ್ಕೆ ತಾಗುತ್ತಿತ್ತು, ಕೈ ತಾಗುತ್ತಿರಲಿಲ್ಲ.

ಮರುಳಯ್ಯ ಅಂದ, “ಇನ್ನು ಎರಡು ಹುಣ್ಣಿಮೆ ಕಾಯ್ತೀನಿ ಸಣ್ಣೀರಮ್ಮ. ಅಷ್ಟರಲ್ಲಿ ಹತ್ತಿದರೆ ಕೆಲಸ ಇವನದು. ಇಲ್ಲಾಂದ್ರೆ ಪಕ್ಕದೂರಿನ ಕೆಂಚ ದಿನಾ ಬಂದು ಕೇಳ್ತಾವ್ನೆ.”

ತೋಟದ ಆಳುಗಳಿಗೆ ಮುದ್ದೆ ಬೇಯಿಸಿಕೊಡುವುದು ಸಣ್ಣೀರಮ್ಮನ ಕೆಲಸ. ಹೊಗೆಗೆ ಕಣ್ಣು ಅರ್ಧ ಹೋಗಿತ್ತು. ಮಗನ ಕೈಗೆ ಕೆಲಸ ಬಂದರೆ ಆ ಒಲೆ ಬಿಡಬಹುದು. ಅದಕ್ಕೇ ಅವಳಿಗೆ ಅಷ್ಟು ಆತುರ.

“ನಾಳೆಯಿಂದ ಬೆಳಗ್ಗೆ ಎದ್ದು ಕೆರೆ ಏರಿವರೆಗೂ ಓಡು ಮಗ,” ಅಂದಳು.

ಓಡಿದ. ಮಧ್ಯಾಹ್ನವಾದರೂ ಬರಲಿಲ್ಲ. ಹೋಗಿ ನೋಡಿದರೆ ಏರಿ ಮೇಲೆ ಕೂತಿದ್ದಾನೆ!

“ಏನ್ಲಾ ಇಲ್ಲಿ?”

“ಏರಿವರೆಗೂ ಓಡು ಅಂದೆ, ಓಡಿದೆ. ವಾಪಸ್ ಬಾ ಅನ್ನಲಿಲ್ವಲ್ಲವ್ವ!”

“ಅಯ್ಯೋ ನಿನ್ ಬುದ್ಧಿಗಿಷ್ಟು! ಒಬ್ಬನೇ ಹೋದ್ರೆ ಹಿಂಗೇ. ಯಾರಾದ್ರೂ ಬಿರಬಿರನೆ ನಡೆಯೋರು ಸಿಕ್ಕಿದ್ರೆ ಅವರ ಹಿಂದೆ ಹೋಗು. ಅವರು ಮಾಡ್ದಂಗೆ ಮಾಡು.”

“ಆಯ್ತವ್ವ.” ಚಿಕ್ಕೀರ ಮಾತನ್ನು ಗಂಟು ಕಟ್ಟಿಕೊಂಡ.

ಮಾರನೇ ದಿನ ಒಬ್ಬರು ಬಿರಬಿರನೆ ನಡೆಯುತ್ತಿದ್ದರು. ಚಿಕ್ಕೀರ ಬೆನ್ನು ಹತ್ತಿದ. ಯಾಕೆ ಬಿರಬಿರನೆ ಅಂದರೆ, ಅವರಿಗೆ ನಾಮಕರಣದ ಊಟಕ್ಕೆ ತಡವಾಗಿತ್ತು. ಸಂಜೆ ಚಿಕ್ಕೀರ ಎಲೆ ಅಡಿಕೆ ಜಗಿಯುತ್ತಾ ಬಂದ.

“ಅವರು ಐದು ಹೋಳಿಗೆ ತಿಂದರು, ನಾನೂ ಐದು ತಿಂದೆ. ಅವರು ತೇಗಿದರು, ನಾನೂ ತೇಗಿದೆ. ಅವರ ಹೆಂಡ್ತಿ ಬೈದಳು, ನಾನೂ ಪಕ್ಕದಲ್ಲಿ ನಿಂತು ಬೈಸ್ಕೊಂಡೆ!”

“ನಿನ್ ಮನೆ ಹಾಳಾಗ! ಕಣ್ಣಿಗೆ ಕಂಡಿದ್ದೆಲ್ಲ ತಿಂತಾರೇನ್ಲಾ? ಏನೇ ಸಿಕ್ಕಿದ್ರೂ ಅರ್ಧ ತಿನ್ನು, ಅರ್ಧ ಬಿಡು!”

“ಆಯ್ತವ್ವ.” ಗಂಟು ಕಟ್ಟಿಕೊಂಡ.

ಮಾರನೇ ದಿನ ಸಣ್ಣೀರಮ್ಮ ಹನ್ನೆರಡು ಆಳುಗಳಿಗೆ ಹನ್ನೆರಡು ಮುದ್ದೆ ಕಟ್ಟಿ, ಚಿಕ್ಕೀರನ ತಲೆಗೆ ಪುಟ್ಟಿ ಹೊರಿಸಿ ಕಳಿಸಿದಳು. ಆಳುಗಳು ಬಟ್ಟೆ ತೆಗೆದು ನೋಡುತ್ತಾರೆ, ಹನ್ನೆರಡೂ ಅರ್ಧರ್ಧ! ಹನ್ನೆರಡರ ಅರ್ಧ ಆರು, ಅಂದರೆ ಆರು ಮುದ್ದೆ ಇವನ ಹೊಟ್ಟೆಯಲ್ಲಿ. ಸಣ್ಣೀರಮ್ಮ ಕೋಲು ಹಿಡಿದು ಬಂದಳು.

“ಒಂದನ್ನೂ ಪೂರ್ತಿ ತಿಂದಿಲ್ಲ ಕಣವ್ವ, ಬೇಕಾದ್ರೆ ಎಣಿಸು!”

“ಅಯ್ಯೋ ದೇವ್ರೇ! ಇನ್ನು ಮೇಲೆ ನಿನ್ನ ಕೈಗೆ ಏನೇ ಬರಲಿ, ಪಕ್ಕದಲ್ಲಿ ನಿನಗಿಂತ ಬಡಕಲು ಯಾರಾದ್ರೂ ಇದ್ರೆ ಅವರಿಗೆ ಕೊಟ್ಬಿಡು. ಅವರು ಉಳಿಸಿದ್ರೆ ನಿನಗೆ. ಒಂದು ದಿನಾನೂ ತಪ್ಪಬಾರದು!”

“ಆಯ್ತವ್ವ.”

ಈ ಸಲ ಏನಾಯಿತೆಂದರೆ, ಮಾತು ಫಲಿಸಿತು. ಚಿಕ್ಕೀರನ ಪಕ್ಕ ಯಾರೇ ನಿಂತರೂ ಅವನಿಗಿಂತ ಬಡಕಲೇ ಅಲ್ಲವೇ? ಸೊಪ್ಪಿನ ಸಾರೋ, ಒಣ ರೊಟ್ಟಿಯೋ, ಅವರು ಉಳಿಸಿದಷ್ಟೇ ಇವನಿಗೆ. ಬೆಳಗ್ಗೆ ಏರಿಗೆ ಓಡುತ್ತಿದ್ದ, ವಾಪಸ್ಸೂ ಓಡುತ್ತಿದ್ದ. ಮಳೆ ಬಂದರೂ ಬಿಡಲಿಲ್ಲ, ಜ್ವರ ಬಂದರೂ ಬಿಡಲಿಲ್ಲ. ಬುದ್ಧಿವಂತರು ನಾಲ್ಕು ದಿನಕ್ಕೆ ಬಿಟ್ಟುಬಿಡುತ್ತಾರೆ. ಬಿಡಬಹುದು ಅಂತ ಚಿಕ್ಕೀರನಿಗೆ ಹೊಳೆಯಲೇ ಇಲ್ಲ. ಹೊಟ್ಟೆ ಕರಗಿತು. ಲುಂಗಿ ಎರಡು ಸುತ್ತು ಬರುವಂತಾಯಿತು.

ಎರಡನೇ ಹುಣ್ಣಿಮೆ ಬಂತು. ಊರೆಲ್ಲ ತೋಟದಲ್ಲಿ. ಚಿಕ್ಕೀರ ಮರ ತಬ್ಬಿದ, ಕೈಗೆ ಕೈ ಸಿಕ್ಕಿತು! ಸರಸರ ಹತ್ತಿದ, ಗೊನೆ ಕಡಿದ, ಹಗ್ಗದಲ್ಲಿ ಇಳಿಬಿಟ್ಟ, ಇಳಿದ. ಸಣ್ಣೀರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೊಗೆಯಿಲ್ಲದೆ ಅವಳ ಕಣ್ಣಲ್ಲಿ ನೀರು ಬಂದು ಎಷ್ಟೋ ವರ್ಷವಾಗಿತ್ತು.

“ಭಲೇ!” ಅಂದ ಮರುಳಯ್ಯ. “ತಗೋ ನಿಮ್ಮಪ್ಪನ ಹಗ್ಗ, ತಗೋ ಮಚ್ಚು. ಇವತ್ತಿಂದ ಕೆಲಸ ನಿಂದು!”

ಚಿಕ್ಕೀರ ಎರಡೂ ಕೈ ಚಾಚಿ ತೆಗೆದುಕೊಂಡ. ಆಮೇಲೆ ಪಕ್ಕಕ್ಕೆ ತಿರುಗಿ ನೋಡಿದ. ಪಕ್ಕದಲ್ಲಿ ಕೆಂಚ, ಕಡ್ಡಿಯಂಥ ಮನುಷ್ಯ, ಬಾಡಿದ ಮುಖ ಹೊತ್ತು ನಿಂತಿದ್ದ.

“ತಗೋಳಣ್ಣ,” ಅಂದ ಚಿಕ್ಕೀರ, ಹಗ್ಗ ಮಚ್ಚು ಎರಡನ್ನೂ ಅವನ ಕೈಗಿಡುತ್ತಾ. “ಕೆಲಸ ನಿಂದೇ. ಉಳಿದ್ರೆ ನಂಗೆ ಕೊಡು.”

ಕೆಂಚ ಮರುಮಾತಿಲ್ಲದೆ ಮರ ಹತ್ತಿಬಿಟ್ಟ!

“ಅಯ್ಯಯ್ಯೋ! ಊಟ ಕೊಡು ಅಂದ್ರೆ ಕೆಲಸ ಕೊಡ್ತೀಯೇನ್ಲಾ?” ಸಣ್ಣೀರಮ್ಮ ಹಣೆ ಚಚ್ಚಿಕೊಂಡಳು.

“ಊಟಕ್ಕಲ್ಲದಿದ್ರೆ ಕೆಲಸ ಇನ್ಯಾತಕ್ಕವ್ವ?”

ಸಣ್ಣೀರಮ್ಮ ಆಳುಗಳ ಮುದ್ದೆ ಬೇಯಿಸಲು ಮತ್ತೆ ಒಲೆಯ ಕಡೆ ನಡೆದಳು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಚಿಕ್ಕೀರ ಕೇಳಿದ್ದು ಸರಿಯೇ, ಕೆಲಸ ಊಟಕ್ಕೇ. ಆದರೂ ಅವನು ಮಾಡಿದ್ದು ತಪ್ಪು. ತಪ್ಪು ಹೇಗೆಂದರೆ, ಈಗ ನೋಡಿ, ಊಟ ಬೇರೆ… ಬಂದೆ, ಬಂದೆ! ಒಳಗಿಂದ ಊಟಕ್ಕೆ ಕರೆಯುತ್ತಿದ್ದಾರೆ. ತಪ್ಪು ಹೇಗೆಂದರೆ…