ಊರಿಗೊಂದು ಯಂತ್ರ

“ಅಜ್ಜಾರ, ನಮ್ಮೂರಿಗೆ ಯಂತ್ರ ತರಬೇಕೋ, ಬ್ಯಾಡೋ?” ಎಂದು ಗುರುಶಾಂತಪ್ಪ ಮಠದ ಸ್ವಾಮಿಗಳಾದ ಅಜ್ಜನವರನ್ನು ಕೇಳಿದ.

ಅವನು ಮಠದ ಹಳೆಯ ಶಿಷ್ಯ, ಊರಿನ ಪುರಸಭೆಯ ಸದಸ್ಯ. ಊರಿನ ಕಸುಬು ಕಂಬಳಿ ನೇಯುವುದು. ಹೊರಗಿನ ಅಗ್ಗದ ರಗ್ಗುಗಳು ಬಂದ ಮೇಲೆ ಕಂಬಳಿ ಕೇಳುವವರಿಲ್ಲ. ಹೀಗೇ ಬಿಟ್ಟರೆ ಮಗ್ಗಗಳು ಒಲೆ ಸೇರುತ್ತವೆ. ಹಳೇ ಸಂತೆ ಮೈದಾನದಲ್ಲಿ ಉಣ್ಣೆ ನೂಲುವ ಯಂತ್ರ ಹಾಕಿ, ಪಕ್ಕದಲ್ಲಿ ಕಂಪ್ಯೂಟರ್ ಇಟ್ಟು ದೂರದೂರಿಗೆ ಕಂಬಳಿ ಮಾರೋಣ ಎಂದು ಅರ್ಧ ಸಭೆ ಹೇಳಿತು. ಯಂತ್ರ ಬಂದರೆ ನೂಲುವ ಹೆಂಗಸರ ಹೊಟ್ಟೆಯ ಮೇಲೆ ಹೊಡೆದಂತೆ, ಅಲ್ಲಿ ಮಳಿಗೆ ಕಟ್ಟಿಸೋಣ ಎಂದು ಇನ್ನರ್ಧ ಹೇಳಿತು. ಎರಡೂ ಕಡೆಯ ಕೈಗಳು ಸಮ. ಉಳಿದದ್ದು ಗುರುಶಾಂತಪ್ಪನ ಕೈ ಒಂದೇ. ನಾಳೆ ಅದು ಯಾವುದಾದರೂ ಒಂದು ಕಡೆಗೆ ಏಳಲೇಬೇಕು. ಅವನಿಗೋ ಅತ್ತ ದರಿ, ಇತ್ತ ಪುಲಿ. ಯಾರು ಮಾತಾಡಿದರೂ ಅವರು ಹೇಳಿದ್ದೇ ಸರಿ ಎನ್ನಿಸುತ್ತಿತ್ತು.

“ಕಂಬಳಿಯವರು ಏನಂತಾರ?” ಎಂದರು ಅಜ್ಜನವರು.

“ಅವರನ್ನ ಕೇಳಿಲ್ರಿ. ತಾವೊಂದು ಮಾತು ಹೇಳಿದ್ರ ಸಾಕು.”

ಅವನ ಮನೆ ಇದ್ದದ್ದು ಕಂಬಳಿಯವರ ಓಣಿಯ ಬಾಯಲ್ಲೇ. ಅಜ್ಜನವರು ಅದನ್ನು ಎತ್ತಲಿಲ್ಲ. ಕತೆ ತೆಗೆದರು.

ಒಂದೂರಿನಲ್ಲಿ ಹಗ್ಗ ಹೊಸೆಯುವವರಿದ್ದರು. ಅವರ ಗಿರಾಕಿಗಳೆಲ್ಲ ನೆರೆಯೂರಿನ ಕಡೆ ತಿರುಗಿದರು. ಊರಿನ ಹಿರಿಯರು ಚಾವಡಿಯಲ್ಲಿ ಕೂಡಿದರು. ನೆರೆಯೂರು ಉದ್ಧಾರವಾದದ್ದು ಯಂತ್ರದಿಂದ, ನಮಗೂ ಒಂದು ಆಗಲಿ ಎಂದು ಒಬ್ಬ ವ್ಯಾಪಾರಿ ಹೇಳಿದ. ಎಲ್ಲರೂ ತಲೆದೂಗಿದರು. ವ್ಯಾಪಾರಿಯ ಮನಸ್ಸಿನಲ್ಲಿದ್ದದ್ದು ಹಗ್ಗ ಹೊಸೆಯುವ ಯಂತ್ರ. ಉಳಿದವರ ಮನಸ್ಸಿನಲ್ಲಿದ್ದದ್ದು ಕೇಡು ತಾಗದಂತೆ ತೋಳಿಗೆ ಕಟ್ಟಿಕೊಳ್ಳುವ ತಾಮ್ರದ ಯಂತ್ರ. ಮಾತು ಒಂದೇ ಆದ್ದರಿಂದ ಯಾರೂ ಯಾರನ್ನೂ ಕೇಳಲಿಲ್ಲ.

ಗುರುಶಾಂತಪ್ಪನಿಗೆ ನಗು ಬಂತು. ಅಜ್ಜನವರು ಯಂತ್ರದವರ ಕಡೆ ಎಂದುಕೊಂಡ.

ವ್ಯಾಪಾರಿ ಗಾಡಿಯಲ್ಲಿ ಕಬ್ಬಿಣದ ಯಂತ್ರ ತಂದ. ಊರು ದೊಡ್ಡದು, ಯಂತ್ರವೂ ದೊಡ್ಡದೇ ಇರಬೇಕು ಎಂದುಕೊಂಡ ಪೂಜಾರಿ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ಮೈಲಿಗೆಯಲ್ಲಿ ಯಾರೂ ಮುಟ್ಟಬಾರದೆಂದು ಬೇಲಿ ಹಾಕಿಸಿದ. ಹಗ್ಗದವರು ಮಿಂದು ಮಡಿಯಲ್ಲಿ ಬಂದರು. ಅವರಲ್ಲೊಬ್ಬ ವ್ಯಾಪಾರಿಯನ್ನು ಕೇಳಿದ:

“ಇದಕ್ಕ ನಾವೇನು ಮಾಡಬೇಕ್ರಿ?”

ವ್ಯಾಪಾರಿಗೆ ಅದನ್ನು ತಿರುಗಿಸಲು ಬರುತ್ತಿರಲಿಲ್ಲ. ನೆರೆಯೂರಿನಲ್ಲಿ ಕಣ್ಣಿಂದ ಕಂಡಿದ್ದ, ಅಷ್ಟೆ. ಅಷ್ಟು ಜನರೆದುರು ಗೊತ್ತಿಲ್ಲ ಎನ್ನಲು ಅವನಿಗೆ ನಾಚಿಕೆಯಾಯಿತು.

“ನಂಬಬೇಕು” ಎಂದ.

ಅವರು ನಂಬಿದರು. ಸುತ್ತು ಬಂದು ಕೈಮುಗಿದರು. ಮನೆಗೆ ಹೋಗಿ ಎಂದಿನಂತೆ ಕೈಯಲ್ಲೇ ಹಗ್ಗ ಹೊಸೆದರು. ಹಗ್ಗ ಮೂಲೆಯಲ್ಲಿ ಬಿದ್ದು ಕೊಳೆಯಿತು. ಮನೆಗಳಿಗೆ ಬೀಗ ಬಿದ್ದವು. ಇದ್ದಬದ್ದ ಹಿರಿಯರು ಮತ್ತೆ ಚಾವಡಿಯಲ್ಲಿ ಕೂಡಿದರು. ಒಂದು ಸಾಲದು, ಇನ್ನೊಂದು ಯಂತ್ರ ತರಿಸೋಣ ಎಂದರು. ಎಲ್ಲರೂ ತಲೆದೂಗಿದರು.

ಅಜ್ಜನವರು ಅಲ್ಲಿಗೆ ನಿಲ್ಲಿಸಿದರು.

ಗುರುಶಾಂತಪ್ಪ ಇನ್ನೂ ಉಳಿದಿದೆಯೆಂದು ಕಾದ. ಹಾಗಾದರೆ ಇವರು ಮಳಿಗೆಯವರ ಕಡೆಯೇ ಎಂದು ಯೋಚಿಸಿದ. ಆದರೆ ಯಂತ್ರದ್ದೇನು ತಪ್ಪು, ಅದನ್ನು ಯಾರೂ ತಿರುಗಿಸಲೇ ಇಲ್ಲವಲ್ಲ ಎನ್ನಿಸಿತು. ತಪ್ಪು ಪೂಜಾರಿಯದು ಎಂದುಕೊಂಡ. ಇಲ್ಲ, ವ್ಯಾಪಾರಿಯದು ಎಂದುಕೊಂಡ. ಬರುವಾಗ ಇದ್ದದ್ದು ಒಂದು ಗೊಂದಲ, ಈಗ ನಾಲ್ಕಾದವು. ಅವನಿಗೆ ಅಳುವೇ ಬಂದಂತಾಯಿತು. ಓಣಿಯ ಅಷ್ಟು ಮನೆಗಳ ಅನ್ನ ತನ್ನ ಒಂದು ಕೈಯಲ್ಲಿದೆ, ಇವರು ನೋಡಿದರೆ ಕತೆ ಹೇಳುತ್ತಿದ್ದಾರೆ. ಅವನು ಅಜ್ಜನವರ ಪಾದ ಹಿಡಿದುಕೊಂಡ.

“ಕತಿ ನನಗ ತಿಳಿಯೂದಿಲ್ರಿ ಅಜ್ಜಾರ. ಬೇಕೋ ಬ್ಯಾಡೋ, ಒಂದು ಮಾತು ಕೊಟ್ಟುಬಿಡ್ರಿ. ನಾ ನಂಬತೀನಿ.”

ಅಜ್ಜನವರು ಅವನ ಎರಡೂ ಕೈಗಳನ್ನು ಪಾದದಿಂದ ಬಿಡಿಸಿ ನೋಡಿದರು.

“ಯಾವ ತೋಳಿಗೆ ಕಟ್ಟಲಿ, ತಮ್ಮಾ?”